ಬಾಡಿಗೆದಾರರೇ ಕಟ್ಟಡ ಕೊಳ್ಳುವುದು ಹೇಗೆ? ಜರ್ಮನಿಯ ಕೈಸಾಲದ ದಾರಿ

ಬಡ್ಡಿ ಸ್ವಲ್ಪ ಕಮ್ಮಿಯಾದರೂ ಸರಿ, ಹಣ ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಹೂಡುವುದೂ ಇಂಪ್ಯಾಕ್ಟ್ ಇನ್ವೆಸ್ಟಿಂಗೇ, ಅಂದರೆ ಸಮಾಜಕ್ಕೆ ಒಳಿತಾಗಲೆಂದು ಮಾಡುವ ಹೂಡಿಕೆ. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಶುರುವಾದ ‘ಮೀಟ್ಸ್‌ಹಾಯ್ಸರ್ ಸಿಂಡಿಕಾಟ್’ ಎಂಬ ಒಕ್ಕೂಟ, ಇಂಥ ಹಣದಿಂದ ನೂರಕ್ಕೂ ಹೆಚ್ಚು ಕಡೆ ಬಾಡಿಗೆ ಮನೆಗಳನ್ನು ರಿಯಲ್ ಎಸ್ಟೇಟ್ ವ್ಯಾಪಾರದಿಂದ ಹೊರಗಿಟ್ಟಿದೆ.

ಮೊದಲು ಅಲ್ಲಿ ವಾಸಿಸುವವರು ಸೇರಿ ಸಂಘ ಕಟ್ಟುತ್ತಾರೆ. ಆದರೆ ಕಟ್ಟಡ ಸಂಘದ ಹೆಸರಿಗೆ ಬರುವುದಿಲ್ಲ. ಅದಕ್ಕೆಂದೇ ಒಂದು ಕಂಪನಿ ತೆರೆಯುತ್ತಾರೆ. ಪಾಲು ಬಂಡವಾಳ 25,000 ಯೂರೋ: ಸಂಘದ್ದು 12,600, ಸಿಂಡಿಕಾಟ್‌ನದು 12,400. ಬಾಡಿಗೆ ಎಷ್ಟು, ಹೊಸಬರು ಯಾರು ಎಂಬುದೆಲ್ಲ ಸಂಘದ ತೀರ್ಮಾನ. ಮಾರಬೇಕೆಂದರೆ ಮಾತ್ರ ಇಬ್ಬರೂ ಒಪ್ಪಬೇಕು. ನಾಳೆ ಬೆಲೆ ಮೂರು ಪಟ್ಟಾದರೆ ಮಾರಿ ಹಂಚಿಕೊಳ್ಳೋಣ ಅಂತ ಯಾರಿಗಾದರೂ ಆಸೆಯಾಗಬಹುದು, ಅಲ್ವಾ? ಸಿಂಡಿಕಾಟ್ ಅದಕ್ಕೆ ಒಪ್ಪುವುದಿಲ್ಲ. ಇಡೀ ಏರ್ಪಾಟಿನ ಜೀವ ಇರುವುದೇ ಇಲ್ಲಿ. ಈ ಬೀಗ ಹಾಕದೆ ಯಾರ ಹತ್ತಿರವೂ ದುಡ್ಡು ಕೇಳಬಾರದು.

ಆಮೇಲೆ ಹಣ. ಬ್ಯಾಂಕು ಪೂರ್ತಿ ಮೊತ್ತ ಕೊಡುವುದಿಲ್ಲ. ಉಳಿದದ್ದನ್ನು ಗೆಳೆಯರು, ನೆಂಟರು, ಅಕ್ಕಪಕ್ಕದವರಿಂದ ಕೈಸಾಲವಾಗಿ ಪಡೆಯುತ್ತಾರೆ. ಬಡ್ಡಿ ಕಡಿಮೆ, ಕೆಲವರು ಬಡ್ಡಿಯೇ ಬೇಡ ಎನ್ನುತ್ತಾರೆ. ಒಂದು ಲೆಕ್ಕ ನೋಡಿ. 5 ಲಕ್ಷ ಯೂರೋ ಸಾಲಕ್ಕೆ ಶೇ 4ರ ಬಡ್ಡಿಯಾದರೆ ವರ್ಷಕ್ಕೆ 20,000. ಶೇ 1 ಆದರೆ ಬರೀ 5,000. ಉಳಿಯುವ 15,000ವನ್ನು 10 ಮನೆಗಳಿಗೆ ಹಂಚಿದರೆ, ಪ್ರತಿ ಮನೆಯ ಬಾಡಿಗೆಯಲ್ಲಿ ತಿಂಗಳಿಗೆ 125 ಯೂರೋ ಇಳಿಯುತ್ತದೆ.

ಸಾಲ ಕೊಡುವವರಿಗೆ ಅಪಾಯವನ್ನು ಮುಚ್ಚಿಡುವಂತಿಲ್ಲ. ಕಂಪನಿ ದಿವಾಳಿಯಾದರೆ ಬ್ಯಾಂಕಿನ ಬಾಕಿ ಮೊದಲು ತೀರುತ್ತದೆ, ಕೈಸಾಲದವರ ಸರದಿ ಕೊನೆಗೆ. ಇದು ಕರಾರುಪತ್ರದಲ್ಲೇ ಇರುತ್ತದೆ. ಎಲ್ಲರೂ ಒಟ್ಟಿಗೆ ವಾಪಸ್ ಕೇಳಿದರೂ ಕಷ್ಟವೇ. ಅದಕ್ಕೇ ಒಬ್ಬೊಬ್ಬರದ್ದು ಒಂದೊಂದು ಅವಧಿಗೆ ಇರಬೇಕು, ಹಳಬರಿಗೆ ತೀರಿಸಲು ಹೊಸಬರನ್ನು ಹುಡುಕುತ್ತಲೇ ಇರಬೇಕು. ಜಾಸ್ತಿ ಶ್ರಮ ಬೇಡುವುದು ಈ ಕೆಲಸವೇ.

ಸಾಲ, ಬಡ್ಡಿ, ರಿಪೇರಿ ಎಲ್ಲಕ್ಕೂ ಬಾಡಿಗೆಯೇ ಆಧಾರ. ಅದರಲ್ಲೇ ಒಂದಿಷ್ಟು ಸಿಂಡಿಕಾಟ್‌ನ ನಿಧಿಗೂ ಹೋಗುತ್ತದೆ. ಮುಂದಿನ ಗುಂಪಿನವರು ಕಟ್ಟಡ ಕೊಳ್ಳಲು ಅದು ನೆರವಾಗುತ್ತದೆ.

ನಮ್ಮಲ್ಲಿ ಇದನ್ನು ಹಾಗೇ ನಕಲು ಮಾಡಲು ಹೋಗಬೇಡಿ. ನೋಂದಣಿಯಿಲ್ಲದೆ ಜನರಿಂದ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಆಸಕ್ತಿಯಿದ್ದವರು ವಸತಿ ಸಹಕಾರ ಸಂಘದ ನಿಯಮಗಳನ್ನು ಮೊದಲು ಓದಿ, ವಕೀಲರ ಹತ್ತಿರ ಮಾತಾಡಿ, ಆಮೇಲೆ ಮುಂದುವರಿಯಿರಿ.