ಮೇವು ಮುಟ್ಟದ ಟರ್ಕಿ ಮರಿಗಳು

ನಾವು ಕಲಬುರಗಿ ಜಿಲ್ಲೆಯ ಆಳಂದ ಕಡೆಯವರು. ಹಿತ್ತಲಲ್ಲಿ ಕಂಚು ಬಣ್ಣದ ಟರ್ಕಿ ಕೋಳಿ ಸಾಕಿದ್ದೇವೆ. 28 ದಿನಕ್ಕೆ ಮೊಟ್ಟೆ ಒಡೆದು ಮರಿ ಚೆನ್ನಾಗೇ ಬರುತ್ತಿದ್ದವು. ಆದರೆ ಮೊದಲ ವಾರದಲ್ಲೇ ಒಂದೊಂದಾಗಿ ಸಾಯುತ್ತಿದ್ದವು. ರೋಗ ಇರಬೇಕು ಅಂತ ಎಲ್ಲರೂ ಹೇಳಿದರು. ಸತ್ತ ಮರಿಯ ಕೊರಳ ಕೆಳಗಿನ ಚೀಲ ಮುಟ್ಟಿ ನೋಡಿದೆ. ಪೂರ್ತಿ ಖಾಲಿ!

ಮುಂದೆ ಮೇವಿದ್ದರೂ ತಿನ್ನೋದು ಅವಕ್ಕೆ ಗೊತ್ತಿರಲಿಲ್ಲ. ಕೋಳಿಮರಿ ತಾನೇ ಹುಡುಕಿ ತಿನ್ನುತ್ತದೆ, ಟರ್ಕಿ ಮರಿಗೆ ಕಲಿಸಬೇಕು. ನೀರಿನ ತಟ್ಟೆಗೆ ಬಣ್ಣದ ಗೋಲಿ ಹಾಕಿದೆ. ಒಂದು ಮರಿ ಕತ್ತು ಓರೆ ಮಾಡಿ ನೋಡಿತು, ಗೋಲಿಗೆ ಕುಕ್ಕಿತು, ಕೊಕ್ಕು ಒದ್ದೆಯಾಯಿತು, ತಲೆ ಎತ್ತಿ ನೀರು ನುಂಗಿತು. ಅದನ್ನು ನೋಡಿ ಉಳಿದವೂ ಬಂದವು. ಎಷ್ಟು ಖುಷಿಯಾಯಿತು ಗೊತ್ತಾ! ಮೇವಿನ ಮೇಲೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಉದುರಿಸಿದೆ, ಹತ್ತು ಮರಿಗೆ ಒಂದು ಮೊಟ್ಟೆ. ಜೊತೆಗೆ ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು. ಹಸಿರು ಕಂಡರೆ ಕುಕ್ಕುತ್ತವೆ. ಮೊದಲ 15 ದಿನ ಹೀಗೇ ಕೊಡಿ.

ಇನ್ನೊಂದು ಮಾತು. ನಮ್ಮ ಕಡೆ ನೆಲಕ್ಕೆಲ್ಲ ಶಹಾಬಾದ್ ಪರಸಿ ಕಲ್ಲು ಅಲ್ವಾ? ನುಣ್ಣನೆ ನೆಲದಲ್ಲಿ ಮರಿಗಳ ಕಾಲು ಜಾರಿ ಅಗಲವಾಗಿಬಿಡುತ್ತವೆ, ಆಮೇಲೆ ಮೇವಿನ ತನಕ ನಡೆಯಲೂ ಆಗಲ್ಲ. ಗೋಣಿಚೀಲ ಹಾಸಿ. ಪೇಪರ್ ಬೇಡ, ಅದೂ ಜಾರುತ್ತದೆ.

ಕಲಿಸಲು ಕೋಳಿಮರಿ ಜೊತೆ ಬಿಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೋಳಿಯ ಹೊಟ್ಟೆಹುಳದ ಮೂಲಕ ಬರುವ ಬ್ಲಾಕ್‌ಹೆಡ್ ರೋಗ ಕೋಳಿಗಿಂತ ಟರ್ಕಿಗೇ ಜಾಸ್ತಿ ಮಾರಕ. ಗೋಲಿ ಸಾಕು.