ಒಂದು ಕೈಯಲ್ಲಿ ಕೊಡೆ: ನಾನು ಗ್ರಿಪ್ ಹೆಡ್ ಆರಿಸಿಕೊಂಡ ಕತೆ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋಟೊ ತೆಗೆಯುವವನಿಗೆ ಇರುವುದು ಒಂದೇ ಕೈ. ಇನ್ನೊಂದು ಕೊಡೆಯ ಪಾಲು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಟ್ರೈಪಾಡ್‌ ಹೆಡ್ಡಿಗೆಂದು, ಅಂದರೆ ಮೂರು ಕಾಲಿನ ಸ್ಟ್ಯಾಂಡಿನ ತುದಿಯಲ್ಲಿ ಕ್ಯಾಮೆರಾ ಹಿಡಿದು ತಿರುಗಿಸುವ ಭಾಗಕ್ಕೆಂದು, ನಾನು ಮೂರು ಸಲ ದುಡ್ಡು ಸುರಿಯುತ್ತಿರಲಿಲ್ಲ.

ನಾನು ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಗೊಬ್ಬರದ ಲೆಕ್ಕ ಇಡುವುದು, ಬೆಳಿಗ್ಗೆ ಎದ್ದು ಮಳೆ ಅಳೆದು ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು) ಪುಸ್ತಕಕ್ಕೆ ಏರಿಸುವುದು ಕೆಲಸ. ಬಿಡುವಿನಲ್ಲಿ ಕಪ್ಪೆ, ಅಣಬೆ, ಜೇಡ, ಕಾಫಿ ಹೂ. ಎಲ್ಲ ಸಣ್ಣ ಜೀವಗಳೇ. ಆನೆ ನಮ್ಮ ತೋಟಕ್ಕೆ ತಾನಾಗಿ ಬರುತ್ತದೆ, ಆದರೆ ಆಗ ಫೋಟೊ ತೆಗೆಯುವ ಮನಸ್ಸು ಯಾರಿಗೂ ಇರುವುದಿಲ್ಲ.

ಮೊದಲು ಇದ್ದದ್ದು ಮೂರು ಹಿಡಿಯ ಹೆಡ್. ಒಂದು ಹಿಡಿ ಮೇಲೆ-ಕೆಳಗೆ, ಒಂದು ಎಡ-ಬಲ, ಇನ್ನೊಂದು ಅಡ್ಡ ವಾಲಿಸಲು. ಸ್ಟುಡಿಯೊದಲ್ಲಿ ಕೂತವರಿಗೆ ಅದಕ್ಕಿಂತ ನಿಖರವಾದದ್ದು ಇಲ್ಲ. ಕಾಫಿ ಗಿಡಗಳ ನಡುವೆ ಅದನ್ನು ಹೆಗಲ ಮೇಲೆ ಹೊತ್ತು ನಡೆದರೆ ಮಾತ್ರ ಪ್ರತಿ ರೆಂಬೆಯೂ ಒಂದೊಂದು ಹಿಡಿಯನ್ನು ಹಿಡಿದು ಜಗ್ಗುತ್ತದೆ. ಗಿಡ ಅಲುಗಿದರೆ ತಲೆಯ ಮೇಲೆ ಒಂದು ಬಕೆಟ್ ನೀರು. ಅದು ಒಂದೇ ಮಳೆಗಾಲ ನಡೆಯಿತು.

ಆಮೇಲೆ ಮಾಮೂಲಿ ಬಾಲ್ ಹೆಡ್ ಬಂತು. ಒಳಗೊಂದು ಗುಂಡು, ಪಕ್ಕದಲ್ಲೊಂದು ತಿರುಪು. ತಿರುಪು ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ವಾಲುತ್ತದೆ, ಬಿಗಿ ಮಾಡಿದರೆ ನಿಲ್ಲುತ್ತದೆ. ಪುಟ್ಟದು, ಗಟ್ಟಿ, ರೆಂಬೆಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ತಿರುಪು ಬಿಚ್ಚುವುದಕ್ಕೆ ಒಂದು ಕೈ ಬೇಕು, ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದುಕೊಳ್ಳುವುದಕ್ಕೆ ಇನ್ನೊಂದು ಕೈ ಬೇಕು. ಕೊಡೆ ಹಿಡಿಯುವವರು ಯಾರು? ಕುತ್ತಿಗೆಗೂ ಹೆಗಲಿಗೂ ನಡುವೆ ಕೊಡೆಯ ಕೋಲು ಸಿಕ್ಕಿಸಿಕೊಂಡು ಒಂದು ಜುಲೈ ಕಳೆದೆ. ಒಂದು ದಿನ ಕೆರೆ ಏರಿಯ ಮೇಲೆ ಕೊಡೆ ಜಾರಿತು, ಅದನ್ನು ಹಿಡಿಯಲು ಹೋದೆ, ತಿರುಪು ಬಿಚ್ಚಿತ್ತು. ಕ್ಯಾಮೆರಾ ಮೂಗು ಮುಂದಾಗಿ ವಾಲಿ ಲೆನ್ಸಿನ ಮುಂದಿನ ಫಿಲ್ಟರ್ ಕಲ್ಲಿಗೆ ಬಡಿಯಿತು. ಫಿಲ್ಟರ್ ಬಿರುಕು ಬಿಟ್ಟಿತು, ಲೆನ್ಸ್ ಉಳಿಯಿತು. ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬರು ದೂರದಿಂದಲೇ ಕೂಗಿದರು: "ರೈಟ್ರೇ, ಕೊಡೆ ಬಿಡಿ, ಅದನ್ನ ಹಿಡೀರಿ!" ಬುದ್ಧಿ ಬಂದದ್ದು ಆ ಮಾತಿನಿಂದ. ನನಗೆ ಬೇಕಾದದ್ದು ಒಂದೇ ಕೈಯಲ್ಲಿ ಬಿಚ್ಚಿ, ತಿರುಗಿಸಿ, ಬಿಗಿಯುವಂಥ ಹೆಡ್.

ಗ್ರಿಪ್ ಹೆಡ್ ಎಂದರೆ ಅದೇ. ಒಳಗೆ ಗುಂಡೇ ಇರುತ್ತದೆ, ತಿರುಪಿನ ಬದಲು ಮುಷ್ಟಿಯಲ್ಲಿ ಹಿಡಿಯುವ ಹಿಡಿ, ಅದರಲ್ಲೊಂದು ಲಿವರ್. ಒತ್ತಿ ಹಿಡಿದರೆ ಗುಂಡು ಸಡಿಲ, ಕೈ ಬಿಟ್ಟರೆ ಸ್ಪ್ರಿಂಗ್ ತಾನೇ ಬಿಗಿಯುತ್ತದೆ. ಕೆಲವರು ಪಿಸ್ತೂಲ್ ಗ್ರಿಪ್ ಎನ್ನುತ್ತಾರೆ. ಕೋವಿಯ ನಾಡಿನಲ್ಲಿ ಈ ಹೆಸರು ಹೇಳಿದರೆ ಸುಮ್ಮನಿರುತ್ತಾರೆಯೇ? ನಮ್ಮ ಸಾಹುಕಾರ್ರು ಕೈಗೆ ತೆಗೆದುಕೊಂಡು ಎರಡು ಸಲ ಒತ್ತಿ, "ಇದು ಉಲ್ಟಾ ಅಲ್ವೇನಯ್ಯಾ? ಕೋವೀಲಿ ಕುದುರೆ ಎಳೆದಾಗ ಕೆಲಸ, ಇದ್ರಲ್ಲಿ ಬಿಟ್ಟಾಗ ಕೆಲಸ" ಎಂದರು. ನಾನು ಓದಿದ ಯಾವ ವಿವರಣೆಗಿಂತಲೂ ಅದು ಚೆನ್ನಾಗಿತ್ತು. ಗಾಬರಿಯಾದಾಗ ಮನುಷ್ಯ ಕೈ ಬಿಡುತ್ತಾನೆ. ಕೈ ಬಿಟ್ಟಾಗ ಕ್ಯಾಮೆರಾ ನಿಂತಲ್ಲೇ ನಿಲ್ಲುವುದಾದರೆ ಅರ್ಧ ಚಿಂತೆ ಕಳೆದಂತೆ.

ಈ ಹೆಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಿಡಿ ನೆಟ್ಟಗೆ ನಿಂತಿರುತ್ತದೆ, ಅದರ ತುದಿಯಲ್ಲಿ ಕ್ಯಾಮೆರಾ, ಬುಡದಲ್ಲಿ ಗುಂಡು. ಇನ್ನೊಂದರಲ್ಲಿ ಹಿಡಿ ಅಡ್ಡಕ್ಕೆ ಚಾಚಿಕೊಂಡು ಕ್ಯಾಮೆರಾ ಗುಂಡಿಗೆ ಹತ್ತಿರ ಕೂರುತ್ತದೆ. ಮ್ಯಾನ್‌ಫ್ರೊಟ್ಟೊದ 222 ಎಂಬ ಮಾದರಿ ಮೊದಲ ಜಾತಿ, 322 ಎರಡನೆಯದು. ಹೊರಬಲ್ಲದೆಂದು ಕಂಪನಿ ಹೇಳುವ ಭಾರ 222ಕ್ಕೆ 2.5 ಕೆ.ಜಿ., 322ಕ್ಕೆ 5 ಕೆ.ಜಿ. ಹಾಗಾದರೆ ದೊಡ್ಡ ಅಂಕಿ ಇರುವುದನ್ನು ತಂದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ನನ್ನ ಕ್ಯಾಮೆರಾ, ಸಣ್ಣ ಜೀವಗಳನ್ನು ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಎರಡನ್ನೂ ಮೆಣಸು ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ, ಒಂದೂವರೆ ಕೆ.ಜಿ. ಒಳಗೇ ಇತ್ತು. ಲೆಕ್ಕದ ಪ್ರಕಾರ ಎರಡೂ ಹೊರಬೇಕು.

ಲೆಕ್ಕ ಸರಿ, ಲೋಕ ಬೇರೆ. ಮೆಣಸು ಕೊಯ್ಯುವವರ ಏಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಲ್ವರ್ ಓಕ್‌ಗೆ ಒರಗಿಸಿದ ಏಣಿಯ ಮೇಲೆ ನೆಟ್ಟಗೆ ನಿಂತವನನ್ನು ಅದು ಹೊರುತ್ತದೆ. ಅದೇ ಮನುಷ್ಯ ತುದಿಯಲ್ಲಿ ನಿಂತು ಪಕ್ಕದ ಬಳ್ಳಿಗೆ ಕೈ ಚಾಚಿದರೆ ಏಣಿ ಮಿಸುಕುತ್ತದೆ. ಮನುಷ್ಯನ ತೂಕ ಹೆಚ್ಚಾಗಿಲ್ಲ, ತೂಕ ಬುಡದಿಂದ ಪಕ್ಕಕ್ಕೆ ಸರಿದಿದೆ ಅಷ್ಟೆ. ನೆಟ್ಟಗಿನ ಹಿಡಿಯ ಹೆಡ್ಡಿನಲ್ಲಿ ಕ್ಯಾಮೆರಾ ಗುಂಡಿನಿಂದ ಒಂದು ಗೇಣಿನಷ್ಟು ಎತ್ತರದಲ್ಲಿರುತ್ತದೆ. ವಾಲಿಸಿದೊಡನೆ ಆ ಎತ್ತರವೆಲ್ಲ ಗುಂಡನ್ನು ಜಗ್ಗುವ ಸನ್ನೆಕೋಲಾಗುತ್ತದೆ. ನಾನು ಕ್ಯಾಮೆರಾವನ್ನು ನೆಟ್ಟಗೆ ಇಡುವುದೇ ಅಪರೂಪ. ಅಣಬೆಗೆ ಕೆಳಗೆ, ಕಪ್ಪೆ ಗೂಡಿಗೆ ಮೇಲೆ.

ಅಂಗಡಿಗೆ ಮೈಸೂರಿಗೇ ಹೋದೆ. ನನ್ನದೇ ಕ್ಯಾಮೆರಾ, ನನ್ನದೇ ಟ್ರೈಪಾಡ್ ಹೊತ್ತುಕೊಂಡು ಹೋಗಿದ್ದೆ; ಟ್ರೈಪಾಡ್‌ನ ತಿರುಪು ದಪ್ಪದ್ದೋ, ಅಂದರೆ 3/8 ಇಂಚೋ, ಸಣ್ಣದೋ ಅಂತ ಮೊದಲೇ ನೋಡಿಟ್ಟುಕೊಂಡರೆ ಅಲ್ಲಿ ಪರದಾಡಬೇಕಾಗಿಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿ ಪೆನ್ನಿನಲ್ಲಿ ಕೂಡಿಸುವ ಗುರುತು ಹಾಕಿದೆ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಹತ್ತು ಪಟ್ಟು ದೊಡ್ಡದು ಮಾಡಿ ಗುರುತನ್ನು ಸರಿಯಾಗಿ ನಡುವೆ ತಂದು ಹಿಡಿ ಬಿಟ್ಟೆ. ಗುರುತು ಮೆಲ್ಲಗೆ ಮೇಲಕ್ಕೆ ಹೋಯಿತು. ಅಂದರೆ ಕ್ಯಾಮೆರಾ ಕೆಳಗೆ ಇಳಿದಿದೆ. ನೆಟ್ಟಗಿನ ಹಿಡಿಯದರಲ್ಲಿ ಹೆಚ್ಚು, ಅಡ್ಡ ಹಿಡಿಯದರಲ್ಲಿ ಕಡಿಮೆ. ಎರಡರಲ್ಲೂ ಇತ್ತು.

ಕಾರಣ ಸರಳ. ಹಿಡಿ ಒತ್ತಿರುವಾಗ ಕ್ಯಾಮೆರಾದ ಭಾರ ಹೊತ್ತಿರುವುದು ನಮ್ಮ ಕೈ. ಬಿಟ್ಟ ಕ್ಷಣ ಆ ಭಾರ ಹೆಡ್ಡಿನ ಮೇಲೆ ಬೀಳುತ್ತದೆ, ಗುಂಡು ಹಿಡಿಯುವ ಭಾಗವೂ ಮೇಲೆ ಕ್ಯಾಮೆರಾ ಕೂರಿಸುವ ಪ್ಲೇಟೂ ಒಂದಿಷ್ಟು ಕುಸಿದು ಕೂರುತ್ತವೆ. ಊರ ಜಾತ್ರೆ ತೆಗೆಯುವವನಿಗೆ ಇದು ಗೊತ್ತೂ ಆಗುವುದಿಲ್ಲ. ಮ್ಯಾಕ್ರೊದಲ್ಲಿ ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸಿದಾಗ, ನನ್ನಂಥವರ ಎ.ಪಿ.ಎಸ್.-ಸಿ (ಸಣ್ಣ ಸೆನ್ಸರ್‌ನ) ಕ್ಯಾಮೆರಾದ ಚೌಕಟ್ಟಿನ ಎತ್ತರ ಸುಮಾರು 15 ಮಿ.ಮೀ. ಅಷ್ಟೆ. ಒಂದು ಮಿ.ಮೀ. ಕುಸಿದರೆ ಚಿತ್ರದ ಹದಿನೈದರಲ್ಲಿ ಒಂದು ಪಾಲು ಸರಿದಂತೆ. ಫೋಕಸ್ ನಿಲ್ಲುವ ಆಳವಂತೂ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದರೂ ಒಂದು ಮಿ.ಮೀ.ಗಿಂತ ಕಡಿಮೆ. ಕಪ್ಪೆಯ ಕಣ್ಣಿಗೆ ಇಟ್ಟ ಗುರಿ ಮೂಗಿಗೆ ಬೀಳುತ್ತದೆ.

ಆಮೇಲೆ ಒಂದು ಲೋಟ ನೀರು ಕೇಳಿದೆ. ಹುಡುಗ ಕುಡಿಯುವುದಕ್ಕೆಂದು ತಂದುಕೊಟ್ಟ. ನಾನು ಅಂಗೈಗೆ ಸುರಿದುಕೊಂಡೆ.

"ಸರ್, ಏನ್ ಮಾಡ್ತಿದ್ದೀರ?"

"ಸೋಮವಾರಪೇಟೆ ಮಳೆ ತರಿಸ್ತಿದ್ದೀನಿ ಕಣಪ್ಪ."

ಒದ್ದೆ ಕೈಯಲ್ಲಿ ಒಂದು ಹಿಡಿ ಜಾರಿತು, ಇನ್ನೊಂದರ ರಬ್ಬರ್ ಕೈ ಕಚ್ಚಿಕೊಂಡಿತು. ಈ ಪರೀಕ್ಷೆ ಮಾಡದೆ ಮಳೆನಾಡಿನವರು ಯಾರೂ ಗ್ರಿಪ್ ಹೆಡ್ ತರಬೇಡಿ. ಜೊತೆಗೆ ಲಿವರ್‌ಗೆ ಬೆರಳು ಎಟುಕುತ್ತದೆಯೇ ನೋಡಿ. ನನ್ನ ಹೆಂಡತಿಗೂ ಫೋಟೊದ ಹುಚ್ಚಿದೆ, ಅವಳ ಕೈ ಸಣ್ಣದು. ಅಡ್ಡ ಹಿಡಿಯನ್ನು ಪೂರ್ತಿ ಒತ್ತಲು ಅವಳು ಎರಡೂ ಕೈ ಹಚ್ಚಬೇಕಾಯಿತು. "ಇದಕ್ಕೆ ರಾಗಿ ಮುದ್ದೆ ತಿಂದ ಕೈ ಬೇಕು" ಎಂದು ವಾಪಸ್ ಕೊಟ್ಟಳು.

ಕೊನೆಗೆ ತಂದದ್ದು ಅಡ್ಡ ಹಿಡಿಯದು. ಹಿಡಿಯನ್ನು ಎಡಗೈಗೂ ಬಲಗೈಗೂ ಬದಲಿಸಿಕೊಳ್ಳಬಹುದು. ನಾನು ಎಡಗೈಗೆ ಹಾಕಿಕೊಂಡೆ. ಎಡಗೈ ಗುರಿ ಇಡುತ್ತದೆ, ಬಲಗೈಯಲ್ಲಿ ಕೊಡೆ. ಗುರಿ ಇಟ್ಟಾದ ಮೇಲೆ ಕೊಡೆ ಎಡಕ್ಕೆ ದಾಟುತ್ತದೆ, ಬಲಗೈ ಕ್ಯಾಮೆರಾದ ಗುಂಡಿ ಒತ್ತುತ್ತದೆ. ಬರೆದಾಗ ಕವಾಯತಿನಂತೆ ಕಾಣುತ್ತದೆ, ಒಂದು ವಾರದಲ್ಲಿ ಕೈಗೆ ಬಂತು.

ಮೊದಲ ನಿಜವಾದ ಪರೀಕ್ಷೆ ಹಾರುವ ಕಪ್ಪೆಯ ನೊರೆಗೂಡು. ಮಲಬಾರ್ ಹಾರುವ ಕಪ್ಪೆಗಳು ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆ ಕಟ್ಟಿ ಮೊಟ್ಟೆ ಇಡುತ್ತವೆ, ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ನಮ್ಮ ಕೆರೆಯ ಮೇಲೆ ಅಂಥದೊಂದು ಗೂಡು ತಲೆಗಿಂತ ಎತ್ತರದಲ್ಲಿತ್ತು. ಕೆಸರಲ್ಲಿ ಟ್ರೈಪಾಡ್ ಕಾಲು, ನನ್ನ ಕಾಲಲ್ಲಿ ಜಿಗಣೆ. ಮೇಲಕ್ಕೆ ವಾಲಿಸಿ ಬಿಟ್ಟೆ, ಕ್ಯಾಮೆರಾ ಒಂದಿಷ್ಟು ಕುಸಿಯಿತು. ಅಷ್ಟರಲ್ಲಿ ಉಪಾಯ ಕಲಿತಿದ್ದೆ: ಎಷ್ಟು ಕುಸಿಯುತ್ತದೆಯೋ ಅಷ್ಟು ಮೇಲಕ್ಕೇ ಗುರಿ ಇಟ್ಟು ಕೈ ಬಿಡುವುದು. ತಕ್ಷಣ ಬಿಡಬಾರದು, ಬೆರಳನ್ನು ಮೆಲ್ಲಗೆ ಸಡಿಲಿಸಬೇಕು. ಬಿಗಿತ ಹೆಚ್ಚು-ಕಡಿಮೆ ಮಾಡುವ ಚಕ್ರವೊಂದಿದೆ, ಅದನ್ನು ಬಿಗಿಯ ಕಡೆಗೇ ಇಟ್ಟಿದ್ದೇನೆ. ಕೈಗೆ ಸ್ವಲ್ಪ ನೋವು, ಚಿತ್ರಕ್ಕೆ ಒಳ್ಳೆಯದು. ಆ ದಿನ ಆರು ಚಿತ್ರ ಸಿಕ್ಕಿತು, ಎರಡು ಚೆನ್ನಾಗಿವೆ.

ಹಿಡಿ ಎರಡು ಕಾಲುಗಳ ನಡುವಿನ ಜಾಗಕ್ಕೆ ಬರುವಂತೆ ಟ್ರೈಪಾಡ್ ನಿಲ್ಲಿಸಬೇಕು, ಇಲ್ಲದಿದ್ದರೆ ನೆಲದ ಅಣಬೆಗೆ ಬಗ್ಗಿಸುವಾಗ ಹಿಡಿ ಕಾಲಿಗೆ ಬಡಿಯುತ್ತದೆ. ಉದ್ದ ಚೌಕಟ್ಟಿನ ಚಿತ್ರಕ್ಕೆ ಕ್ಯಾಮೆರಾವನ್ನು ಒಂದೇ ಮಗ್ಗುಲಿಗೆ ವಾಲಿಸಲು ಆಗುತ್ತದೆ, ಇನ್ನೊಂದು ಮಗ್ಗುಲಿಗೆ ಹೋಗುವುದಿಲ್ಲ. ಇವು ಅಭ್ಯಾಸವಾಗುತ್ತವೆ.

ಮಾಂದಲಪಟ್ಟಿಯಲ್ಲಿ ಮಾತ್ರ ಇದು ನನ್ನನ್ನು ಸೋಲಿಸಿತು. ಅಲ್ಲಿ ಬೆಟ್ಟದ ಸಾಲನ್ನು ಎಡದಿಂದ ಬಲಕ್ಕೆ ಎಂಟು ಚಿತ್ರಗಳಲ್ಲಿ ತೆಗೆದು ಜೋಡಿಸಬೇಕೆಂದಿದ್ದೆ. ನನ್ನ ಹೆಡ್ಡಿನಲ್ಲಿ ಸುತ್ತ ತಿರುಗಿಸುವುದಕ್ಕೆ ಬೇರೆ ಬೀಗವಿಲ್ಲ. ಒತ್ತಿದರೆ ಎಲ್ಲ ದಿಕ್ಕಿಗೂ ಒಟ್ಟಿಗೆ ಸಡಿಲ. ಪ್ರತಿ ಸಲವೂ ದಿಗಂತ ಬೇರೆ ಬೇರೆ ಕಡೆಗೆ ವಾಲಿತು. ಮೇಲಿಂದ ಗಾಳಿ. ಮನೆಗೆ ಬಂದು ಜೋಡಿಸಿದರೆ ಪುಷ್ಪಗಿರಿ ಕಡೆಯ ಬೆಟ್ಟಗಳು ಮೆಟ್ಟಿಲಿನಂತೆ ಕಂಡವು. ಬೆಟ್ಟದ ಸಾಲನ್ನೇ ತೆಗೆಯುವವರಿಗೆ ನಾನು ಈ ಹೆಡ್ ಹೇಳುವುದಿಲ್ಲ. ಬುಡದಲ್ಲಿ ತಿರುಗುವ ಬೀಗವಿರುವ ಮಾಮೂಲಿ ಬಾಲ್ ಹೆಡ್ಡೇ ಸಾಕು. ನಾಗರಹೊಳೆಯ ಸಫಾರಿ ಗಾಡಿಯಲ್ಲಂತೂ ಟ್ರೈಪಾಡ್ ಬಿಚ್ಚುವ ಜಾಗವೇ ಇಲ್ಲ. ಅಲ್ಲಿಗೆ ಲೆನ್ಸ್ ಒರಗಿಸಲು ನಾನು ಒಯ್ಯುವುದು ಪಾರ್ಚ್‌ಮೆಂಟ್ ಕಾಫಿ ತುಂಬಿದ ಬಟ್ಟೆ ಚೀಲ. ಸಾಹುಕಾರ್ರಿಗೆ ಇದು ಗೊತ್ತಿಲ್ಲ.

ನನ್ನ ಅತಿ ದೊಡ್ಡ ತಪ್ಪಿಗೆ ಹೆಡ್ ಹೊಣೆಯಲ್ಲ. ಆಗಸ್ಟ್‌ನ ಥಂಡಿಗೆ ಗುಂಡು ಕಿರ್ರೆನ್ನತೊಡಗಿತು. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಬಾಗಿಲ ತಿರುಗಣಿಗೆ ಬಿಡುವುದಿಲ್ಲವೇ ಹಾಗೆ. ಮರುದಿನ ಕ್ಯಾಮೆರಾ ಹಾಕಿ ಕೈ ಬಿಟ್ಟರೆ ಅದು ಹಿರಿಯರ ಕಾಲು ಮುಟ್ಟುವಂತೆ ಮೆಲ್ಲನೆ ಬಾಗುತ್ತಲೇ ಹೋಯಿತು. ಗುಂಡು ನಿಲ್ಲುವುದೇ ಘರ್ಷಣೆಯಿಂದ, ನಾನು ಅದನ್ನೇ ಎಣ್ಣೆ ಹಾಕಿ ಕೊಂದಿದ್ದೆ. ಹತ್ತಿಗೆ ಸ್ಪಿರಿಟ್ ಹಚ್ಚಿ, ಒರೆಸಿ, ಹಿಡಿ ಒತ್ತಿ ತಿರುಗಿಸಿ, ಮತ್ತೆ ಒರೆಸಿ ಎರಡು ಸಂಜೆ ಕಳೆದ ಮೇಲೆ ದಾರಿಗೆ ಬಂತು. ಈಗ ಒಣ ಬಟ್ಟೆ ಬಿಟ್ಟು ಬೇರೇನೂ ಗುಂಡಿನ ಹತ್ತಿರ ಸುಳಿಯುವುದಿಲ್ಲ.

ಹೊತ್ತು ನಡೆಯುವಾಗಲೂ ಎಚ್ಚರ ಬೇಕು. ಚೀಲದ ಪಟ್ಟಿಯೋ ರೆಂಬೆಯೋ ಲಿವರ್ ಒತ್ತಿದರೆ ಕ್ಯಾಮೆರಾ ತೂಗಾಡಿ ಬೆನ್ನಿಗೆ ಗುದ್ದುತ್ತದೆ, ನನಗೆ ಗುದ್ದಿದೆ. ಆದ್ದರಿಂದ ಗಿಡಗಳ ನಡುವೆ ಹೋಗುವಾಗ ಕ್ಯಾಮೆರಾ ಕಳಚಿ ಕೊರಳಿಗೆ ಹಾಕಿಕೊಳ್ಳುತ್ತೇನೆ. ಪ್ಲೇಟ್ ಕಳಚಿ ಹಾಕುವುದು ಅರೆಗಳಿಗೆಯ ಕೆಲಸ. ಕೂಡಿಸಿದ ಮೇಲೆ 'ಟಕ್' ಎಂದು ಕೇಳಿಸಬೇಕು. ಮಳೆಯ ಸದ್ದಿನಲ್ಲಿ ಕೇಳಿಸದು, ಹಾಗಾಗಿ ಒಮ್ಮೆ ಜಗ್ಗಿ ನೋಡುತ್ತೇನೆ.

ಹಳೆಯ ಬಾಲ್ ಹೆಡ್ ಈಗ ಹೆಂಡತಿಯದು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಹೂ ಬಿಟ್ಟು ಬೆಳ್ಳಗಾದಾಗ ಇಬ್ಬರೂ ತೋಟಕ್ಕಿಳಿಯುತ್ತೇವೆ. ಮೂರ್ನಾಲ್ಕು ದಿನದ ಹಬ್ಬ ಅದು, ತೋಟವೆಲ್ಲ ಜೇನಿನ ಮೊರೆತ. ಆಗ ಕೊಡೆ ಬೇಕಿಲ್ಲ, ಎರಡೂ ಕೈ ಖಾಲಿ. ನಾನು ಹಿಡಿ ಒತ್ತಿ, ಕುಸಿತಕ್ಕೆ ಲೆಕ್ಕ ಹಾಕಿ, ಬಿಟ್ಟು, ಮತ್ತೆ ಒತ್ತುವಷ್ಟರಲ್ಲಿ ಅವಳು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಲ್ಲಿ ತಿರುಪು ಬಿಗಿದು, ಹೂವಿನ ಮೇಲೆ ಕೂತ ಜೇನನ್ನು ಅಲುಗದಂತೆ ಹಿಡಿದಿರುತ್ತಾಳೆ. ಹೋದ ಸಲದ ಒಳ್ಳೆಯ ಜೇನಿನ ಚಿತ್ರಗಳೆಲ್ಲ ಅವಳವೇ. ಜೂನ್ ಬರಲಿ ಎಂದು ಕಾಯುತ್ತಿದ್ದೇನೆ.