ನೆದರ್‌ಲ್ಯಾಂಡ್ಸ್‌ಗೆ ಹೊರಟ ಬಳ್ಳಾರಿಯವರೇ, ಕಾರು ಆಮೇಲೆ ನೋಡೋಣ

ನೆದರ್‌ಲ್ಯಾಂಡ್ಸ್‌ನಿಂದ ರಜೆಗೆ ಬಳ್ಳಾರಿಗೆ ಬಂದಾಗಲೆಲ್ಲ ಅಲ್ಲಿನ ವೀಸಾ ಕೈಗೆ ಬಂದ ಯಾರಾದರೂ ಮನೆಗೆ ಬರುತ್ತಾರೆ. ಈ ಸಲ ಕೌಲ್ ಬಜಾರಿನ ಇಬ್ಬರು ಹುಡುಗರು, ಕೊಪ್ಪಳದ ಒಂದು ಜೋಡಿ. ತಟ್ಟೆಯಲ್ಲಿನ ಒಗ್ಗರಣೆ ಮಂಡಕ್ಕಿ ಖಾಲಿಯಾಗುವ ಮೊದಲೇ ಅದೇ ಪ್ರಶ್ನೆ: "ಅಣ್ಣಾ, ಅಲ್ಲಿ ಹೋದ ಮ್ಯಾಲೆ ಎಂಥ ಕಾರ್ ತಗೋಬೇಕು?" ಸೈಕಲ್ ತಗೊಳ್ಳಿ ಅಂದರೆ ಮುಖ ಸಪ್ಪಗಾಗುತ್ತದೆ.

ಮೊದಲು ಲೆಕ್ಕ ಕೇಳಿ. ಅಲ್ಲಿ ವಾಸ ನೋಂದಾಯಿಸಿದ ಮೇಲೆ ನಮ್ಮ ಡ್ರೈವಿಂಗ್ ಲೈಸೆನ್ಸ್ ನಡೆಯುವುದು 185 ದಿನ ಮಾತ್ರ. ಕೆಲಸಕ್ಕೆ ಹೋಗುವ ಕೆಲವರಿಗೆ ಸಂಬಳದ ಒಂದು ಪಾಲಿಗೆ ತೆರಿಗೆ ಬೀಳದ, '30% ರೂಲಿಂಗ್' ಅನ್ನುವ ರಿಯಾಯಿತಿ ಸಿಗುತ್ತದೆ, ಅಂಥವರು ಲೈಸೆನ್ಸ್ ಬದಲಾಯಿಸಿಕೊಳ್ಳಬಹುದು. ಉಳಿದವರು ಮತ್ತೆ ಪರೀಕ್ಷೆಗೆ ಕೂರಬೇಕು. ಮೇಲೆ ಇನ್ಶೂರೆನ್ಸ್, ರಸ್ತೆ ತೆರಿಗೆ, ಊರೊಳಗೆ ಪಾರ್ಕಿಂಗ್ ದುಡ್ಡು. ಸೈಕಲ್ಲಿಗೆ ಇದ್ಯಾವುದೂ ಇಲ್ಲ. ಆ ದೇಶದಲ್ಲಿ ಜನರಿಗಿಂತ ಸೈಕಲ್ಲೇ ಜಾಸ್ತಿ.

ರಾಯಲ್ ಸರ್ಕಲ್‌ನಲ್ಲಿ ಸೈಕಲ್ ಹೊಡೆಯಲು ಹೆದರುವ ನಮಗೆ ಇದೆಲ್ಲ ಅವರ ಹುಟ್ಟುಗುಣ ಅನ್ನಿಸುತ್ತದೆ. ಅಲ್ಲ. ಅವರೂ ಒಂದು ಕಾಲಕ್ಕೆ ಕಾರಿನ ಹಿಂದೆ ಬಿದ್ದವರೇ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದರು. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟೂ ಬಂತು. ಸೈಕಲ್ಲಿಗೇ ಬೇರೆ ದಾರಿಗಳು ಊರೂರಿಗೆ ಬಂದದ್ದು ಆಮೇಲೆ.

ಈಗ ನಾನು ಬಿದ್ದ ಕಥೆ. ನಮ್ಮ ಸೈಕಲ್‌ಗಳಲ್ಲಿ ಪೆಡಲ್ ಸುಮ್ನೆ ಹಿಂದಕ್ಕೆ ತಿರುಗುತ್ತದೆ. ಸಿಗ್ನಲ್ ಹತ್ತಿರ ಬಂದ ಹಾಗೆ ಕಾಲು ತಾನೇ ಹಿಂದಕ್ಕೆ ತಿರುಗಿಸುತ್ತದೆ, ಅದು ಚಿಕ್ಕಂದಿನ ಚಾಳಿ. ಅಲ್ಲಿನ ಎಷ್ಟೋ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ಒತ್ತಿದರೆ ಅದೇ ಬ್ರೇಕು. ಹ್ಯಾಂಡಲ್‌ನಲ್ಲಿ ಹುಡುಕಿದರೆ ಸಿಗಲ್ಲ. ಮೊದಲ ವಾರವೇ ಕ್ಯಾರಿಯರ್‌ನಲ್ಲಿ ಐದು ಕಿಲೋ ಸೋನಾ ಮಸೂರಿ ಕಟ್ಟಿಕೊಂಡು ಬರುತ್ತಿದ್ದೆ. ಕಾಲು ಹಿಂದಕ್ಕೆ ಹೋಯಿತು, ಚಕ್ರ ಗಕ್ಕನೆ ನಿಂತಿತು, ನಾನು ಒಂದು ಕಡೆ, ಅಕ್ಕಿ ಇನ್ನೊಂದು ಕಡೆ. ಒಬ್ಬ ಅಜ್ಜಿ ಸೈಕಲ್ ಇಳಿದು ಬಂದು ನನ್ನ ಜೊತೆ ಅಕ್ಕಿ ಬಾಚಿದರು. ಹಾಗಾಗಿ ಮೊದಲೆರಡು ದಿನ ಖಾಲಿ ಓಣಿಯಲ್ಲಿ ಅಭ್ಯಾಸ ಮಾಡಿ. ಬಲಗಡೆ ಓಡಿಸುವುದೂ ಆಗಲೇ ರೂಢಿಯಾಗುತ್ತದೆ.

ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ಕಾಣುತ್ತದೆ. ಡಚ್ಚರು, ಅಂದರೆ ಅಲ್ಲಿನ ಜನ, ಅದನ್ನು ಶಾರ್ಕ್ ಹಲ್ಲು ಅನ್ನುತ್ತಾರೆ. ಚೂಪು ತುದಿ ನಿಮ್ಮ ಕಡೆಗಿದ್ದರೆ ದಾರಿ ಬಿಡಬೇಕಾದವರು ನೀವು. ಬೋರ್ಡು, ಗುರುತು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರು ಮೊದಲು. ಕತ್ತಲಾದರೆ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ಲೈಟ್ ಇರಲೇಬೇಕು. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲು, ಮರೆಯಬೇಡಿ. ಸೈಕಲ್ ಹೊಡೆಯುತ್ತಾ ಫೋನ್ ಕೈಯಲ್ಲಿ ಹಿಡಿದರೆ 2019ರಿಂದ ದಂಡ.

ಹಳೇ ಸೈಕಲ್ ಸಾಕು, ಆದರೆ ಅಂಗಡಿಯಲ್ಲೇ ತಗೊಂಡು ಬಿಲ್ ಇಟ್ಟುಕೊಳ್ಳಿ. ಬೀದಿಯಲ್ಲಿ ಯಾರೋ ತೀರಾ ಅಗ್ಗಕ್ಕೆ ಕೊಟ್ಟರೆ ಅದು ಕದ್ದ ಮಾಲೇ ಇರಬೇಕು, ಅಲ್ವಾ? ನಾನು ಒಮ್ಮೆ ಹಿಂದಿನ ಚಕ್ರದ ಬೀಗ ಒಂದನ್ನೇ ಹಾಕಿದ್ದೆ. ಸೈಕಲ್ಲನ್ನು ಎತ್ತಿಕೊಂಡೇ ಹೋದರು. ಈಗ ದಪ್ಪ ಸರಪಳಿ ಹಾಕಿ ಕಂಬಕ್ಕೆ ಕಟ್ಟುತ್ತೇನೆ.

ಆಫೀಸು ದೂರವಿದ್ದರೆ ಸ್ಟೇಷನ್‌ವರೆಗೆ ಸೈಕಲ್, ಮುಂದೆ ರೈಲು. ಉಟ್ರೆಕ್ಟ್ ಊರಿನ ರೈಲು ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವಿದೆ, ಮೊದಲ 24 ಗಂಟೆ ಪುಕ್ಕಟೆ. ಎಲ್ಲಿ ನಿಲ್ಲಿಸಿದಿರಿ ಅಂತ ಫೋಟೋ ಹೊಡೆದುಕೊಳ್ಳಿ. ನಾನು ಅರ್ಧ ಗಂಟೆ ಹುಡುಕಿದ್ದೇನೆ.

ಕಷ್ಟ ಇಲ್ಲವೇ ಇಲ್ಲ ಅನ್ನಲ್ಲ. ಮಳೆಗಿಂತ ಎದುರುಗಾಳಿ ಕಷ್ಟ. ಏರು ಇಲ್ಲದ ನೆಲ, ಆದರೂ ಗಾಳಿಯ ದಿನ ಬಳ್ಳಾರಿ ಗುಡ್ಡ ಹತ್ತಿದ ಹಾಗಾಗುತ್ತದೆ. ಮಳೆಗೆ ಕೋಟಿನ ಜೊತೆ ಪ್ಯಾಂಟೂ ಬೇಕು, ಅಲ್ಲೇ ತಗೊಳ್ಳಿ.

ಇನ್ನು ಮನೆಯವರಿಗೆ ಹೇಳುವ ಕಷ್ಟ. "ಅಷ್ಟು ಸಂಬಳ ತಗೊಂಡು ಇನ್ನೂ ಸೈಕಲ್ಲೇನೋ?" ಅಂತ ನಮ್ಮಮ್ಮ ಮೂರು ವರ್ಷ ಕೇಳಿದರು. ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಆಫೀಸಿಗೆ ಸೈಕಲ್ಲಲ್ಲಿ ಹೋಗುವ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದರು.

"ಅವರು ಹೆಂಗ ಹೋದ್ರೂ ನಡೀತೈತಿ," ಅಂದರು. "ನಿನಗಿನ್ನೂ ಹೆಣ್ಣು ನೋಡಬೇಕು."